ನಾಲ್ಕು ಅಂಕದ ಕಾದಂಬರಿ

ಕನ್ನಡವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡು ಬಿ.ಎ. ಮಾಡಿದ ನನ್ನ ತಲೆಮಾರಿನವರಿಗೆ ಪ್ರಗತಿಶೀಲ ಸಾಹಿತ್ಯವೆಂದರೆ ಬಹುಮಟ್ಟಿಗೆ ಹೆಸರುಗಳ ಪಟ್ಟಿ. ಅನಕೃ, ತರಾಸು, ಕಟ್ಟೀಮನಿ, ನಿರಂಜನ, ಚದುರಂಗ ಎಂದು ಒಂದೇ ಉಸಿರಿನಲ್ಲಿ ಬರೆದು, ಪ್ರತಿಯೊಬ್ಬರ ಮುಂದೆ ಎರಡೆರಡು ಕೃತಿಗಳನ್ನು ಕಂಸದಲ್ಲಿ ಸೇರಿಸಿದರೆ ಉತ್ತರಕ್ಕೆ ತೂಕ ಬರುತ್ತಿತ್ತು. ‘ಚಿರಸ್ಮರಣೆ’ ನನಗೆ ಪರಿಚಯವಾದದ್ದು ಹೀಗೆ, ನಾಲ್ಕು ಅಂಕದ ಟಿಪ್ಪಣಿಯಾಗಿ: ನಿರಂಜನರ 1955ರ ಕಾದಂಬರಿ, ಕಯ್ಯೂರಿನ ರೈತರ ಹೋರಾಟ, ನಾಲ್ವರಿಗೆ ಗಲ್ಲು, ವ್ಯಕ್ತಿಗಿಂತ ಸಮುದಾಯವೇ ನಾಯಕ. ಗೈಡಿನಲ್ಲಿ ಇದ್ದದ್ದು ಇಷ್ಟೇ. ಪರೀಕ್ಷಕರಿಗೂ ಇಷ್ಟೇ ಸಾಕಾಗಿತ್ತು. ಪುಸ್ತಕವನ್ನು ಕಣ್ಣಿನಿಂದ ಕಂಡವರು ನಮ್ಮ ತರಗತಿಯಲ್ಲಿ ಒಬ್ಬರೂ ಇರಲಿಲ್ಲ, ಕಾಣದಿರುವುದು ಯಾರಿಗೂ ಕೊರತೆಯೆನಿಸಿರಲಿಲ್ಲ. ಸಾಹಿತ್ಯ ಚರಿತ್ರೆ ಎನ್ನುವುದು ಓದದ ಪುಸ್ತಕಗಳ ಬಗ್ಗೆ ಆತ್ಮವಿಶ್ವಾಸದಿಂದ ಮಾತನಾಡುವ ತರಬೇತಿ ಎಂದು ನನಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಆ ಕಾದಂಬರಿ ನನ್ನ ಫೋನಿಗೆ ಬಂದದ್ದು ಸಾಹಿತ್ಯದ ದಾರಿಯಿಂದಲ್ಲ. ಅಂಕೋಲೆಯ ಕಡೆಯ ನನ್ನ ತಾಯಿಯ ತವರಿನಲ್ಲಿ ಜಮೀನು ಪಾಲಾಗುವ ಮಾತು ಶುರುವಾಗಿತ್ತು. ಭೂ ನ್ಯಾಯಮಂಡಳಿಯ ಹಳೆಯ ಆದೇಶದ ಪ್ರತಿಯೊಂದನ್ನು ಕೈಯಲ್ಲಿ ಹಿಡಿದು, ಅದರಲ್ಲಿದ್ದ ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ತಾತ್ಕಾಲಿಕ ಗೇಣಿ) ಇವುಗಳ ವ್ಯತ್ಯಾಸ ಸರಿಯಾಗಿ ತಿಳಿಯಬೇಕೆಂದು ಕಾರವಾರದ ನನ್ನ ಬಾಡಿಗೆ ಮನೆಯಲ್ಲಿ ಕುಳಿತು ಹುಡುಕುತ್ತಿದ್ದೆ. ಕಾನೂನಿನ ಪುಟಗಳ ನಡುವೆ ಎಲ್ಲೋ, ಪುಸ್ತಕಗಳನ್ನು ಉಚಿತವಾಗಿ ಓದಲು ಇಡುವ ಜಾಲತಾಣವಾದ ವಿಕಿಸೋರ್ಸ್‌ನ ಒಂದು ಪುಟ ತೆರೆದುಕೊಂಡಿತು. ಎಡಗಡೆ ಟೈಪಿಸಿದ ಪಠ್ಯ, ಬಲಗಡೆ ಹಳದಿ ತಿರುಗಿದ ಮುದ್ರಿತ ಪುಟದ ಸ್ಕ್ಯಾನ್. ಮೇಲೆ ಹೆಸರು: ಚಿರಸ್ಮರಣೆ. ಇಡೀ ಕಾದಂಬರಿ, ದುಡ್ಡಿಲ್ಲದೆ, ನೋಂದಣಿಯಿಲ್ಲದೆ, ಇಳಿಸಿಕೊಳ್ಳಲು ಸಿದ್ಧವಾಗಿ ಅಲ್ಲಿತ್ತು.

ನನ್ನನ್ನು ಕಾಡಿದ್ದು ಸಿಕ್ಕಿತಲ್ಲ ಎಂಬ ಸಂತೋಷಕ್ಕಿಂತ ಹೆಚ್ಚಾಗಿ, ವರ್ಷಗಳಿಂದ ಅಲ್ಲೇ ಇತ್ತಲ್ಲ ಎಂಬ ಸಂಗತಿ. ‘ಹಳೆಯ ಪುಸ್ತಕಗಳು ಸಿಗುವುದೇ ಇಲ್ಲ’ ಎಂದು ನಾವು ಸಭೆಗಳಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ, ಗ್ರಂಥಾಲಯದ ಮೆಟ್ಟಿಲ ಮೇಲೆ ಹೇಳಿಕೊಳ್ಳುತ್ತಲೇ ಬಂದಿದ್ದೇವೆ. ಅಷ್ಟು ಹೊತ್ತೂ ಅವುಗಳಲ್ಲಿ ಕೆಲವು ಎಲ್ಲರ ಕೈಗೂ ಎಟಕುವ ಹಾಗೆ ಇದ್ದವು. ಸಾಹಿತ್ಯದ ಒಡನಾಟವುಳ್ಳ ಗೆಳತಿಯರನ್ನು, ಕನ್ನಡ ಕಲಿಸುವ ಇಬ್ಬರು ಮೂವರು ಅಧ್ಯಾಪಕರನ್ನು ಕೇಳಿದೆ. ಹೆಸರು ಎಲ್ಲರಿಗೂ ಗೊತ್ತು, ಉಚಿತವಾಗಿ ಸಿಗುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಒಬ್ಬರಂತೂ, ‘ಉಚಿತ ಅಂದ್ರೆ ಕಳ್ಳ ಪ್ರತಿ ಇರಬೇಕು, ಮುಟ್ಟಲು ಹೋಗಬೇಡಿ’ ಎಂದು ಎಚ್ಚರಿಸಿದರು.

ಕೊಟ್ಟವರು

ಅದು ಕಳ್ಳ ಪ್ರತಿಯಲ್ಲ. ನಿರಂಜನರು ತೀರಿಕೊಂಡದ್ದು 1992ರಲ್ಲಿ. ನಮ್ಮ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. ಅಂದರೆ 2052 ಮುಗಿಯುವವರೆಗೆ ಈ ಪುಸ್ತಕಗಳ ಮೇಲೆ ಕುಟುಂಬಕ್ಕೆ ಪೂರ್ತಿ ಹಕ್ಕಿತ್ತು. 2014ರಲ್ಲಿ ಆ ಕುಟುಂಬವೇ ಮನಸ್ಸು ಮಾಡಿ ಅವರ ಕೃತಿಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಲೇಖಕರ ಹೆಸರು ಹೇಳಬೇಕು, ನೀವು ಅದರಿಂದ ಹೊಸದೇನಾದರೂ ಮಾಡಿದರೆ ಅದನ್ನೂ ಇದೇ ಷರತ್ತಿನ ಮೇಲೆ ಬೇರೆಯವರಿಗೆ ಬಿಟ್ಟುಕೊಡಬೇಕು. ಈ ಎರಡನ್ನು ಪಾಲಿಸಿದರೆ ಓದಬಹುದು, ಹಂಚಬಹುದು, ಅನುವಾದಿಸಬಹುದು, ನಾಟಕ ಮಾಡಬಹುದು, ಅಚ್ಚು ಹಾಕಿ ಮಾರಲೂಬಹುದು. ಹಕ್ಕನ್ನು ಕಳೆದುಕೊಂಡದ್ದಲ್ಲ ಇದು, ಹಕ್ಕಿದ್ದವರು ಅದನ್ನು ಹೇಗೆ ಬಳಸಬೇಕೆಂದು ತೀರ್ಮಾನಿಸಿದ್ದು. ರೈತರಿಗೆ ಭೂಮಿ ಸಿಗಬೇಕೆಂದು ಬರೆದ ಲೇಖಕರ ಮನೆಯವರು ಅವರ ಪುಸ್ತಕಗಳ ಬೇಲಿಯನ್ನು ಕಿತ್ತು ಹಾಕಿದ್ದರಲ್ಲಿ ಒಂದು ಒಪ್ಪ ಇದೆ. ಕನ್ನಡದಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಇಂಥದ್ದು ಮತ್ತೆ ಮತ್ತೆ ನಡೆಯಲಿಲ್ಲ ಎಂಬುದೂ ಗಮನಿಸಬೇಕಾದ ಮಾತೇ.

ಇಲ್ಲೊಂದು ಮಾತು ಸೇರಿಸಬೇಕು. ಈ 60 ವರ್ಷದ ಲೆಕ್ಕ ಮೊದಲು 50 ಇತ್ತು. ರವೀಂದ್ರನಾಥ ಠಾಕೂರರು 1941ರಲ್ಲಿ ತೀರಿಕೊಂಡಿದ್ದರಿಂದ 1991ರ ಕೊನೆಗೆ ಅವರ ಕೃತಿಗಳು ಎಲ್ಲರ ಸ್ವತ್ತಾಗಬೇಕಿತ್ತು. ಆಗ ಕೇಂದ್ರ ಸರ್ಕಾರ ಅವಧಿಯನ್ನು ಹತ್ತು ವರ್ಷ ಹಿಗ್ಗಿಸಿತು, ಅದು ದೇಶದ ಎಲ್ಲ ಲೇಖಕರಿಗೂ ಅನ್ವಯಿಸಿತು. ಸಂಜೆ ಕೆಲಸ ಮುಗಿಸಿ ಕಾರವಾರದ ಕಡಲತೀರದಲ್ಲಿ ಕಾಲಾಡಿಸುವಾಗ ನನಗೆ ಇದು ನೆನಪಾಗುತ್ತದೆ, ಏಕೆಂದರೆ ಆ ತೀರಕ್ಕೆ ಇಟ್ಟಿರುವುದು ಅವರದೇ ಹೆಸರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ಇಪ್ಪತ್ತರ ಆಸುಪಾಸಿನ ರವೀಂದ್ರರು ಬಂದು ಇದ್ದು ‘ಪ್ರಕೃತಿರ್ ಪ್ರತಿಶೋಧ’ವನ್ನು ಬರೆದದ್ದು ಈ ಊರಿನಲ್ಲಿ. ಕಾರವಾರವನ್ನು ಅಷ್ಟು ಮೆಚ್ಚಿದವರ ಹೆಸರಿನಲ್ಲಿಯೇ ನಮ್ಮ ಹಳೆಯ ಪುಸ್ತಕಗಳೆಲ್ಲ ಹತ್ತು ವರ್ಷ ಹೆಚ್ಚು ಬೀಗದೊಳಗೆ ಉಳಿದವು. ಮಾರಾಟವಾಗುವ ಠಾಕೂರರಿಗೆ ಆ ಹತ್ತು ವರ್ಷದಲ್ಲಿ ಅರ್ಥವಿತ್ತು. ಮರುಮುದ್ರಣವನ್ನೇ ಕಾಣದ ನೂರಾರು ಕನ್ನಡ ಕಾದಂಬರಿಗಳಿಗೆ ಅದರಿಂದ ಆದದ್ದು ಗೆದ್ದಲಿಗೆ ಇನ್ನಷ್ಟು ಕಾಲಾವಕಾಶ.

ಹಾಗೆಂದು ವಾಟ್ಸಾಪಿನಲ್ಲಿ ಸುತ್ತುವ ಪಿಡಿಎಫ್‌ಗಳನ್ನು ನಾನು ಸಮರ್ಥಿಸುತ್ತಿಲ್ಲ. ಇನ್ನೂ ಬರೆಯುತ್ತಿರುವ, ಸಾವಿರ ಪ್ರತಿ ಖರ್ಚಾಗಲೆಂದು ಕಾಯುತ್ತಿರುವ ಲೇಖಕರ ಪುಸ್ತಕವನ್ನು ಪುಟಪುಟವಾಗಿ ಫೋಟೋ ತೆಗೆದು ‘ಜ್ಞಾನ ಹಂಚಿಕೆ’ ಎಂದು ಕಳಿಸುವವರು ನಮ್ಮ ಗುಂಪಿನಲ್ಲೂ ಇದ್ದಾರೆ. ಅದು ಕಳವು, ಬೇರೆ ಹೆಸರು ಬೇಡ. ಕೊಟ್ಟದ್ದಕ್ಕೂ ಕಿತ್ತುಕೊಂಡದ್ದಕ್ಕೂ ಇರುವ ಅಂತರ ಮಸುಕಾದರೆ ಕೊಟ್ಟವರ ದೊಡ್ಡತನವೇ ಕಾಣದೆ ಹೋಗುತ್ತದೆ. ಆ ಅಧ್ಯಾಪಕರು ನನ್ನನ್ನು ಎಚ್ಚರಿಸಿದ್ದೂ ಅದು ಮಸುಕಾಗಿರುವುದರಿಂದಲೇ.

ಗಾಜಿನ ಬಾಗಿಲಿನ ಕಪಾಟು

ಪುಸ್ತಕ ಯಾರ ಮನೆಯಲ್ಲಿರುತ್ತಿತ್ತು ಎಂಬ ಪ್ರಶ್ನೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಉತ್ತರ ಬಹಳ ಕಾಲ ಸರಳವಾಗಿತ್ತು. ಜಮೀನು ಯಾರದ್ದೋ ಅವರ ಮನೆಯಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ, ಕರಾವಳಿಯ ಒಡೆಯರ ಮನೆಗಳಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯ ಚಂದಾ ಇರುತ್ತಿತ್ತು, ಅಂಚೆಯಲ್ಲಿ ಪುಸ್ತಕ ಬರುತ್ತಿತ್ತು, ವಾರಪತ್ರಿಕೆಯ ಧಾರಾವಾಹಿಯನ್ನು ಕತ್ತರಿಸಿ ಹೊಲಿದು ಇಡುತ್ತಿದ್ದರು. ಈ ಮನೆಗಳು ಓದುಗರನ್ನೂ ಬರಹಗಾರರನ್ನೂ ಬೆಳೆಸಿದವು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಜಿಲ್ಲೆಯ ಸಾಹಿತ್ಯದ ಹೆಮ್ಮೆಯೆಲ್ಲ ಬಹುಪಾಲು ಅಲ್ಲಿಂದಲೇ ಬಂದದ್ದು.

ನನ್ನ ತಾಯಿ ಹುಟ್ಟಿದ್ದು ಗೇಣಿ ಒಕ್ಕಲಿನ ಮನೆಯಲ್ಲಿ. ಸಣ್ಣವಳಿದ್ದಾಗ ಒಡೆಯರ ಮನೆಗೆ ಬಾಳೆಎಲೆ, ಸೌತೆಕಾಯಿ ಕೊಡಲು ಅವಳನ್ನು ಕಳಿಸುತ್ತಿದ್ದರಂತೆ. ಅಂಗಳದ ಆಚೆ, ಜಗಲಿಯ ಗೋಡೆಗೆ ಒರಗಿ ಗಾಜಿನ ಬಾಗಿಲಿನ ಕಪಾಟೊಂದಿತ್ತು. ಜಗಲಿ ಹತ್ತುವಂತಿರಲಿಲ್ಲವಾದ್ದರಿಂದ ಅಂಗಳದಲ್ಲೇ ನಿಂತು, ಬುಟ್ಟಿ ಖಾಲಿಯಾಗಿ ವಾಪಸು ಬರುವವರೆಗೆ, ಪುಸ್ತಕಗಳ ಬೆನ್ನಿನ ಮೇಲಿನ ಅಕ್ಷರಗಳನ್ನು ಕೂಡಿಸಿಕೊಂಡು ಓದುತ್ತಿದ್ದಳು. ಒಂದನೆಯ ಇಯತ್ತೆಯಲ್ಲಿ ಕಲಿತ ಅಕ್ಷರಗಳಿಗೆ ಮೊದಲ ಉಪಯೋಗ ಸಿಕ್ಕಿದ್ದು ಅಲ್ಲಿ ಎಂದು ಅವಳು ಇವತ್ತಿಗೂ ಹೇಳುತ್ತಾಳೆ. ದೂರದಿಂದ ದಪ್ಪ ಅಕ್ಷರ ಮಾತ್ರ ಕಾಣುತ್ತಿತ್ತು. ಕೆಳಗಿನ ಸಾಲಿನಲ್ಲಿ ಪುಸ್ತಕಗಳನ್ನು ಅಡ್ಡ ಇಟ್ಟಿದ್ದರಿಂದ ಅವನ್ನು ಓದಲು ಕುತ್ತಿಗೆ ವಾಲಿಸಬೇಕಾಗುತ್ತಿತ್ತು. ಅದನ್ನು ಕಂಡು ಆ ಮನೆಯ ಅಮ್ಮನವರು, ‘ಏನೇ, ಕತ್ತು ಉಳುಕಿತಾ?’ ಎಂದು ಕೇಳಿದ್ದರಂತೆ. ಕೆಟ್ಟ ಮಾತಲ್ಲ. ತಮಾಷೆಗೆ ಕೇಳಿದ್ದು. ಆದರೆ ಒಂದು ಪುಸ್ತಕ ಬೇಕಾ ಎಂದು ಕೇಳಬಹುದೆಂಬುದು ಆ ಅಮ್ಮನವರಿಗೂ ಹೊಳೆಯಲಿಲ್ಲ, ಕೊಡಿ ಎನ್ನಬಹುದೆಂಬುದು ನನ್ನ ತಾಯಿಗೂ ಹೊಳೆಯಲಿಲ್ಲ.

ಆಮೇಲೆ ಬಹಳಷ್ಟು ಬದಲಾಯಿತು. ದಿನಕರ ದೇಸಾಯಿಯವರು 1953ರಲ್ಲಿ ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳಿಂದಾಗಿ ಹಾಲಕ್ಕಿ ಒಕ್ಕಲಿಗರ, ನಾಮಧಾರಿಗಳ, ಮೀನುಗಾರರ ಮನೆಯ ಮಕ್ಕಳು ಹೈಸ್ಕೂಲಿನ ಮೆಟ್ಟಿಲು ಹತ್ತಿದರು. ಇದೇ ದೇಸಾಯಿಯವರನ್ನು ಗೇಣಿದಾರರನ್ನು ಸಂಘಟಿಸಿದ್ದಕ್ಕಾಗಿ ಬ್ರಿಟಿಷ್ ಸರ್ಕಾರ 1940ರ ದಶಕದಲ್ಲಿ ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. ಅವರ ಚೌಪದಿಗಳು ನಮಗೆ ಬಾಯಿಪಾಠ. ಗಡೀಪಾರಿನ ಕತೆ ಅಷ್ಟಾಗಿ ಅಲ್ಲ. ಅಂಕೋಲೆಯೆಂದರೆ ಉಪ್ಪಿನ ಸತ್ಯಾಗ್ರಹ, ಕರನಿರಾಕರಣೆ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಅದೇ ನೆಲದಲ್ಲಿ ಒಕ್ಕಲುಗಳು ಒಡೆಯರೆದುರು ನಿಂತ ಕತೆಗೆ ಸ್ಮಾರಕವಿಲ್ಲ, ನನಗೆ ತಿಳಿದ ಮಟ್ಟಿಗೆ ಒಂದು ದೊಡ್ಡ ಕಾದಂಬರಿಯೂ ಇಲ್ಲ. ಹಾಗಾಗಿ ಇದೇ ಕರಾವಳಿಯ ತೆಂಕಣ ತುದಿಯಲ್ಲಿ ನಡೆದದ್ದರ ಬಗ್ಗೆ ಬರೆದ ಕಾದಂಬರಿಯನ್ನು ನಾವು ನಮ್ಮದೆಂದು ಓದಬೇಕಾಗುತ್ತದೆ. ಓದಲು ಕಷ್ಟವೇನಿಲ್ಲ. ಕಯ್ಯೂರು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಕಾಸರಗೋಡಿನ ಜೊತೆಗೆ ಅದು ಕೇರಳಕ್ಕೆ ಹೋದದ್ದು 1956ರಲ್ಲಿ. ಅದಕ್ಕೂ ಮೊದಲು, 1862ರಲ್ಲಿ ನಮ್ಮನ್ನು ಮುಂಬಯಿ ಪ್ರಾಂತಕ್ಕೆ ಸೇರಿಸುವ ಸ್ವಲ್ಪ ಮೊದಲಿನವರೆಗೆ, ಈ ಎರಡೂ ಜಿಲ್ಲೆಗಳು ಒಂದೇ ಕೆನರಾ ಆಗಿದ್ದವು.

ಗಾಜಿನ ಕಪಾಟಿನ ಹಾದಿಯಲ್ಲಿ ಬರದೆ ಒಂದು ಕಾದಂಬರಿ ಒಕ್ಕಲಿನ ಮನೆಯ ಜಗಲಿಗೆ ನೇರವಾಗಿ ಬರುವುದು ಸಣ್ಣ ಸಂಗತಿಯಲ್ಲ ಎಂಬುದನ್ನು ಹೇಳಲಿಕ್ಕಾಗಿಯೇ ಇಷ್ಟೆಲ್ಲ ಬರೆದೆ. ಇ-ಪುಸ್ತಕದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಕಾಗದದ ವಾಸನೆ, ಕಣ್ಣಿನ ಆಯಾಸ, ಕೈಯಲ್ಲಿ ಹಿಡಿಯುವ ಸುಖ ಇವುಗಳ ಸುತ್ತಲೇ ತಿರುಗುತ್ತದೆ. ಕಾಗದದ ವಾಸನೆ ಯಾರಿಗೆ ಸಿಕ್ಕಿತ್ತು ಎಂದು ಯಾರೂ ಕೇಳುವುದಿಲ್ಲ.

ಕೊಳಗ

ದೊಡ್ಡಮಾವನಿಗೆ, ಅಂದರೆ ತಾಯಿಯ ಹಿರಿಯಣ್ಣನಿಗೆ, ಎಂಬತ್ತು ದಾಟಿದೆ. ಕಣ್ಣಿನ ಪೊರೆ ತೆಗೆಸಿದ ಮೇಲೂ ಅಚ್ಚಿನ ಅಕ್ಷರ ಹಿಡಿಯುವುದಿಲ್ಲ. ಜಮೀನಿನ ಕಾಗದಪತ್ರಗಳ ಕೆಲಸಕ್ಕೆಂದು ಹೋಗಿದ್ದಾಗ, ಮಳೆಗಾಲದ ಒಂದು ರಾತ್ರಿ, ಕರೆಂಟು ಹೋಗಿ ಟಿ.ವಿ.ಯೂ ಇಲ್ಲದೆ ಎಲ್ಲರೂ ಜಗಲಿಯಲ್ಲಿ ಕುಳಿತಿದ್ದೆವು. ‘ಒಂದು ಕತೆ ಓದಲೇ ಮಾವ? ಗೇಣಿ ಒಕ್ಕಲುಗಳದ್ದು’ ಎಂದೆ. ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಕವಳದ ಚೀಲ ಬಿಚ್ಚಿದ. ಅದನ್ನೇ ಒಪ್ಪಿಗೆಯೆಂದು ತಿಳಿದು ಫೋನಿನಲ್ಲಿ ಕಾದಂಬರಿಯ ಇಪಬ್ (ಇ-ಪುಸ್ತಕದ ಕಡತ) ತೆರೆದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿದ್ದರೆ ಪುಟವನ್ನು ಬೆರಳಿನಿಂದ ಅತ್ತಿತ್ತ ಎಳೆಯುವುದರಲ್ಲೇ ಓದಿನ ಓಟ ಹೋಗುತ್ತಿತ್ತು. ಇಪಬ್‌ನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವೇ ಮುರಿದು ಜೋಡಿಸಿಕೊಳ್ಳುತ್ತವೆ. ಪರದೆಯ ಬೆಳಕಿಗೆ ಮಳೆಹುಳಗಳು ಬಂದು ಬಡಿಯುತ್ತಿದ್ದವು. ಒಂದು ಹುಳ ‘ಚಿರುಕಂಡ’ನ ಹೆಸರಿನ ಮೇಲೆ ಕೂತು, ಒರೆಸಲು ಹೋದಾಗ ಪುಟವೇ ತಿರುಗಿತು.

ಅಪ್ಪು ಮತ್ತು ಚಿರುಕಂಡರ ಬಾಲ್ಯ, ಅವರ ಕಣ್ಣು ತೆರೆಸುವ ಮೇಷ್ಟರು, ಹೊಳೆ, ಊರು ಇವೆಲ್ಲ ಓದುವಷ್ಟು ಹೊತ್ತು ಮಾವ ಸುಮ್ಮನೆ ಅಡಿಕೆ ಕತ್ತರಿಸುತ್ತ ಕೇಳಿದ. ಧಣಿಗೆ ಸಲ್ಲಬೇಕಾದ ಕಾಳಿನ ಮಾತು ಬಂದ ಕೂಡಲೇ ಅಡಕತ್ತರಿ ನಿಂತಿತು.

‘ನಿಲ್ಸು ತಂಗೀ. ಕಾಳು ಅಳ್ಯೂದು ಹೆಂಗೆ ಅಂತ ಬರ್ದಿದ್ನೇ ಅವ?’

ಆ ಪುಟದಲ್ಲಿ ಇರಲಿಲ್ಲ. ಇಲ್ಲ ಎಂದೆ. ಮಾವ ಎದ್ದು ಒಳಗೆ ಹೋಗಿ, ಮಾಡಿನ ಅಟ್ಟದ ಕೆಳಗೆ ಎಲ್ಲೋ ಕೈಹಾಕಿ ಹುಡುಕಿ, ಸಿಗದೆ ಬರಿಗೈಯಲ್ಲಿ ಬಂದು, ಎರಡೂ ಅಂಗೈಗಳನ್ನು ಎದುರುಬದುರು ಹಿಡಿದು ಗಾಳಿಯಲ್ಲೇ ಭತ್ತ ಅಳೆಯುವ ಕೊಳಗದ ಸುತ್ತಳತೆ ತೋರಿಸಿದ. ಇದು ನಮ್ಮ ಮನೆಯದು. ಆಮೇಲೆ ಅಂಗೈಗಳನ್ನು ಎರಡು ಬೆರಳಿನಷ್ಟು ದೂರ ಸರಿಸಿದ. ಇದು ಒಡೆಯರದು. ಎರಡಕ್ಕೂ ಕೊಳಗವೆಂದೇ ಹೆಸರು. ಗೇಣಿ ಹಾಕುವಾಗ ದೊಡ್ಡ ಕೊಳಗ, ಅದೂ ಭತ್ತ ಗೋಪುರವಾಗಿ ನಿಂತು ಅಂಚಿನಿಂದ ಜಾರುವ ತನಕ. ಆಷಾಢದಲ್ಲಿ ಒಡೆಯರ ಮನೆಯಿಂದ ಕಡ ತರುವಾಗ ಸಣ್ಣ ಕೊಳಗ, ಮೇಲೆ ಕೋಲಾಡಿಸಿ ಸಮ ಮಾಡಿ. ಅಳೆಯುವವನು ಎಣಿಸುವಾಗ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದ, ಆಮೇಲೆ ಎರಡು, ಮೂರು. ‘ಲಾಭ ಯಾರಿಗೆ ಅಂತ ನಿನ್ನ ಅಜ್ಜ ಒಂದು ಸಲ ಕೇಳಿದ್ದ’ ಎಂದು ಮಾವ ನಕ್ಕ. ಏನಾಯಿತು ಎಂದು ಕೇಳಿದೆ. ‘ಎಂತಾ ಆಗೂದು? ಮುಂದಿನ ವರ್ಷ ಗಜನಿ ಗದ್ದೆ ಬಿಡಿಸಿದ್ರು.’ ಉಪ್ಪುನೀರು ನುಗ್ಗುವ, ಕಗ್ಗ ಭತ್ತವೊಂದೇ ತಾಳಿಕೊಳ್ಳುವ ಗಜನಿಯ ತುಂಡು ಅದು. ಅದನ್ನೂ ಕಿತ್ತುಕೊಳ್ಳುವಷ್ಟು ಕೋಪ ಒಂದು ಪ್ರಶ್ನೆಗೆ ಬಂದಿತ್ತು.

ಸಿದ್ದಾಪುರದ ಗಡಿಯಾಚೆ, ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಸತ್ಯಾಗ್ರಹ ಹೊತ್ತಿಕೊಂಡದ್ದು ಈ ಕೊಳಗದ ಅಳತೆಯ ಜಗಳದಿಂದಲೇ. ನಾನು ಅದನ್ನೂ ಪರೀಕ್ಷೆಗೆಂದು ಓದಿದ್ದೆ. ಎರಡು ಬೆರಳಿನ ಅಂತರ ಎಷ್ಟು ದೊಡ್ಡದು ಎಂಬುದು ಗೊತ್ತಾದದ್ದು ಮಾವನ ಅಂಗೈಗಳ ನಡುವಿನ ಜಾಗ ನೋಡಿದಾಗ.

ಓದು ಮುಂದಿನ ಸಂಜೆಗಳಲ್ಲೂ ನಡೆಯಿತು. ಕರೆಂಟು ಇದ್ದಾಗಲೂ ಟಿ.ವಿ. ಹಚ್ಚಲಿಲ್ಲ. ಅಕ್ಕಪಕ್ಕದವರು ಒಬ್ಬಿಬ್ಬರು ಬಂದು ಕೂತರು, ಅವರಲ್ಲೊಬ್ಬರು ನಡುವೆ ಎದ್ದು ಹೋಗಿ ಧಾರಾವಾಹಿ ನೋಡಿಕೊಂಡು ಮರಳಿ ಬಂದು ‘ಎಲ್ಲಿಗೆ ಬಂತು?’ ಎಂದು ಕೇಳುತ್ತಿದ್ದರು. ಓದುವಾಗ ಕಾದಂಬರಿಯ ಬಗ್ಗೆ ನನ್ನದೇ ಅಭಿಪ್ರಾಯ ಎರಡೆರಡು ಸಲ ಬದಲಾಯಿತು. ಒಬ್ಬಳೇ ಮನಸ್ಸಿನಲ್ಲಿ ಓದಿಕೊಂಡಾಗ ಕೆಲವು ಪುಟಗಳು ಭಾಷಣದ ಹಾಗೆ ಕೇಳಿಸಿದ್ದವು. ಧಣಿಗಳು ಧಣಿಗಳಷ್ಟೇ ಆಗಿ ಉಳಿದರೆಂದೂ, ಹೆಂಗಸರು ನೋವುಣ್ಣುವುದಕ್ಕೆ ಮಾತ್ರ ಬಂದು ಹೋಗುತ್ತಾರೆಂದೂ ಅನ್ನಿಸಿತ್ತು. ಹೆಂಗಸರ ಬಗೆಗಿನ ದೂರು ಈಗಲೂ ಇದೆ. ಭಾಷಣವೆನಿಸಿದ ಪುಟಗಳು ಮಾತ್ರ ಜಗಲಿಯಲ್ಲಿ ಗಟ್ಟಿಯಾಗಿ ಓದಿದಾಗ ಸಲೀಸಾಗಿ ಹೋದವು. ಯಾರೋ ಸಭೆಯಲ್ಲಿ ಎದ್ದು ಮಾತನಾಡುವ ಭಾಗಕ್ಕೆ ಕೇಳುವವರ ತಲೆಗಳು ಬೇಕಾಗುತ್ತವೆ, ಅವು ಎದುರಿಗಿದ್ದಾಗ ಅದು ಭಾಷಣವಾಗಿ ಉಳಿಯುವುದಿಲ್ಲ. ನಿರಂಜನರ ವಾಕ್ಯಗಳು ಹೆಚ್ಚಾಗಿ ಚಿಕ್ಕವು, ಉಸಿರಿಗೆ ಒಗ್ಗುವಂಥವು. ಓದಿ ಹೇಳುವವರಿದ್ದಾರೆಂಬ ಭರವಸೆಯಿಂದಲೇ ಬರೆದರೇನೋ. ಮಲಬಾರಿನ ರೈತ ಸಂಘಗಳು ಓದುವ ಮನೆಗಳನ್ನು ನಡೆಸಿ, ಅಕ್ಷರ ಬಂದವರು ಬಾರದವರಿಗೆ ಪತ್ರಿಕೆ ಓದಿ ಹೇಳುತ್ತಿದ್ದ ಕಾಲವದು, ಮತ್ತು ನೀಲೇಶ್ವರದ ಹೈಸ್ಕೂಲಿನಲ್ಲಿ ಕಲಿಯುತ್ತಿದ್ದ ಹುಡುಗ ನಿರಂಜನರು ಆ ಚಳವಳಿಯನ್ನು ಹತ್ತಿರದಿಂದಲೇ ಕಂಡಿದ್ದವರು.

1941ರ ಮಾರ್ಚ್ ಕೊನೆಯಲ್ಲಿ ಕಯ್ಯೂರಿನ ರೈತರ ಮೆರವಣಿಗೆಗೆ ಸಿಕ್ಕಿಬಿದ್ದ ಪೊಲೀಸನೊಬ್ಬ ಹೊಳೆಯಲ್ಲಿ ಮುಳುಗಿ ಸತ್ತ. ಮೊಕದ್ದಮೆ ಮಂಗಳೂರಿನ ಕೋರ್ಟಿನಲ್ಲಿ ನಡೆಯಿತು. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಅಪ್ಪು, ಚಿರುಕಂಡ, ಕುಂಞಂಬು, ಅಬೂಬಕರ್ ನಾಲ್ವರನ್ನೂ ಗಲ್ಲಿಗೇರಿಸಿದರು. ಪ್ರಾಯಕ್ಕೆ ಬಾರದವನೆಂದು ಐದನೆಯವನ ಜೀವ ಉಳಿಯಿತು. ಕಾದಂಬರಿ ಇವರನ್ನು ಇದೇ ಹೆಸರುಗಳಿಂದ ಕರೆಯುತ್ತದೆ. ಆ ಭಾಗ ಮುಗಿಸಿ ಫೋನು ಕೆಳಗಿಟ್ಟಾಗ ಮಾವ ಕೇಳಿದ ಪ್ರಶ್ನೆ ಯಾವ ವಿಮರ್ಶಕರೂ ಕೇಳುವಂಥದ್ದಲ್ಲ.

‘ಕಡೆಗೆ ಅವ್ರಿಗೆ ಭೂಮಿ ಸಿಕ್ತಾ?’

ಕಾದಂಬರಿ 1955ಕ್ಕೇ ಬರೆದು ಮುಗಿದದ್ದು, ಆದ್ದರಿಂದ ಉತ್ತರ ಅದರಾಚೆಯಿಂದ ತರಬೇಕಾಯಿತು. ಕೇರಳದಲ್ಲಿ 1970ರ ಜನವರಿ 1ರಿಂದ ಜಮೀನ್ದಾರಿ ಪೂರ್ತಿ ರದ್ದಾಯಿತು, ಉಳುವವರಿಗೆ ಹಕ್ಕು ಬಂತು ಎಂದೆ. ಮಾವ ಮನಸ್ಸಿನಲ್ಲೇ ಕೂಡಿಸಿ ಕಳೆದ. ನಮ್ಮಲ್ಲಿ ದೇವರಾಜ ಅರಸರ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಏಳನೇ ನಮೂನೆ ತುಂಬಿ ‘ಡಿಕ್ಲರೇಶನ್’ ಕೊಟ್ಟದ್ದು, ಮಂಡಳಿಯ ಮುಂದೆ ನಿಂತು ಒಡೆಯರ ಎದುರು ‘ಹೌದು, ನಾವೇ ಉಳುತ್ತ ಬಂದವರು’ ಎಂದು ಬಾಯಿಬಿಟ್ಟು ಹೇಳಿದ್ದು ಅವನ ಬದುಕಿನ ದೊಡ್ಡ ದಿನ. ‘ಅವ್ರಿಗೆ ನಮಗಿಂತ ನಾಲ್ಕು ವರ್ಷ ಮೊದ್ಲು ಆಯ್ತು ಅಂದಂಗಾಯ್ತು’ ಎಂದ. ಸ್ವಲ್ಪ ಹೊತ್ತು ಬಿಟ್ಟು, ‘ಹುಡುಗ್ರು ಹೋಗಿ ಮೂವತ್ತು ವರ್ಷದ ಹತ್ರ ಆಗಿತ್ತು ಹೇಳು’ ಎಂದೂ ಸೇರಿಸಿದ. ಆದರೆ ಅವನಿಗೆ ಇನ್ನೊಂದು ಆಕ್ಷೇಪವಿತ್ತು. ಡಿಕ್ಲರೇಶನ್ ಕೊಡಬೇಡಿ, ಒಡೆಯರ ಅನ್ನ ಉಂಡಿದ್ದೇವೆ ಎಂದು ಒಕ್ಕಲುಗಳೇ ಒಕ್ಕಲುಗಳನ್ನು ತಡೆದದ್ದು ಅವನಿಗೆ ನೆನಪಿದೆ. ಕತೆ ಬರೆದವನು ಎಲ್ಲರೂ ಒಟ್ಟಾಗಿ ನಿಂತರೆಂದು ಬರೆದುಬಿಟ್ಟಿದ್ದಾನೆ, ಅಷ್ಟು ಸುಲಭವಲ್ಲ ಎಂಬುದು ಅವನ ವಾದ. ಸಮುದಾಯವೇ ನಾಯಕ ಎಂದು ಟಿಪ್ಪಣಿ ಬರೆದಿದ್ದ ನನಗೆ ಇದಕ್ಕೆ ತಕ್ಷಣ ಉತ್ತರ ಹೊಳೆಯಲಿಲ್ಲ.

ತಿದ್ದುವ ಕೆಲಸ

ಉಚಿತ ಪುಸ್ತಕಕ್ಕೂ ಯಾರದ್ದೋ ಶ್ರಮ ಖರ್ಚಾಗಿರುತ್ತದೆ. ಮುದ್ರಿತ ಪುಟವನ್ನು ಯಂತ್ರ ಓದಿ ಪಠ್ಯವಾಗಿಸುವ ಓಸಿಆರ್ ಕನ್ನಡದ ಒತ್ತಕ್ಷರಗಳಲ್ಲಿ ಎಡವುತ್ತದೆ. ಅರ್ಕಾವತ್ತನ್ನು ಅಂಕಿ ಒಂಬತ್ತೆಂದು ತಿಳಿಯುತ್ತದೆ, ಸೊನ್ನೆಯನ್ನು ನಿಜವಾಗಿಯೂ ಸೊನ್ನೆಯೆಂದೇ ತಿಳಿಯುತ್ತದೆ, ಹಳೆಯ ಮೊಳೆಯಚ್ಚಿನಲ್ಲಿ ಶಾಯಿ ಹಿಗ್ಗಿದ್ದರೆ ಪಕಾರ ವಕಾರಗಳನ್ನು ಬೆರೆಸಿಬಿಡುತ್ತದೆ. ಅದನ್ನು ಮನುಷ್ಯರು ಸ್ಕ್ಯಾನಿನ ಜೊತೆ ಹೋಲಿಸಿ ಸಾಲು ಸಾಲಾಗಿ ತಿದ್ದಬೇಕು. ವಿಕಿಸೋರ್ಸ್‌ನಲ್ಲಿ ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದ್ದು ಹಳದಿ, ಇನ್ನೊಬ್ಬರು ನೋಡಿ ಖಚಿತಪಡಿಸಿದ್ದು ಹಸಿರು. ಸಂಬಳವಿಲ್ಲದ, ಹೆಸರೂ ಬಾರದ ಕೆಲಸ. ಕನ್ನಡ ಪುಸ್ತಕಗಳ ಸೂಚಿಪುಟ ತೆರೆದರೆ ಎಷ್ಟು ಕೆಂಪು ಇನ್ನೂ ಉಳಿದಿದೆ ಎಂದು ಕಾಣುತ್ತದೆ. ನಮ್ಮ ಜಿಲ್ಲೆಯಲ್ಲಿ ನಿವೃತ್ತ ಶಿಕ್ಷಕರಿಗೆ ಬರವಿಲ್ಲ, ಅವರಲ್ಲಿ ಕಾಗುಣಿತದ ಒಂದು ತಪ್ಪನ್ನೂ ಸ್ಥಳದಲ್ಲೇ ಹಿಡಿಯುವವರು ಬಹಳ. ಮದುವೆಯ ಕರೆಯೋಲೆಗಳನ್ನು ತಿದ್ದುವ ಉತ್ಸಾಹದ ಅರ್ಧದಷ್ಟು ಇಲ್ಲಿಗೆ ಹರಿದರೆ ಕೆಂಪು ಬೇಗ ಕಡಿಮೆಯಾದೀತು. ನಾನೂ ಬಿಡುವಾದಾಗ ಒಂದೊಂದು ಪುಟ ನೋಡುತ್ತೇನೆ. ಒಂದು ಪುಟಕ್ಕೆ ಇಷ್ಟು ಹೊತ್ತೇ ಎನ್ನಿಸುತ್ತದೆ, ಆದರೆ ತಿದ್ದಿದ ಪುಟದ ಕಾದಂಬರಿ ಎಷ್ಟು ವರ್ಷವಾದರೂ ಮರೆಯದ ಹಾಗೆ ಬಾಯಿಗೆ ಹತ್ತಿಬಿಡುತ್ತದೆ.

ಅಂಕೋಲೆಯ ಮನೆಯಲ್ಲಿ ಈಗ ಅತ್ತೆಯ ಸರದಿ. ‘ಚಿರಸ್ಮರಣೆ’ ನಡೆಯುತ್ತಿದ್ದಾಗ ಅಡುಗೆಮನೆಯಿಂದಲೇ ಕೇಳಿಸಿಕೊಳ್ಳುತ್ತಿದ್ದ ಅವಳು, ಅದೇ ಲೇಖಕರದ್ದು ಬೆಂಗಳೂರಿನ ಒಂದು ವಠಾರದ ಮೇಲೆ ಇನ್ನೊಂದು ಕಾದಂಬರಿ ಇದೆ, ಅದೂ ಉಚಿತ ಎಂದಾಗ ಹೊರಗೆ ಬಂದು ಕೂತಳು. ಮಗ ಸೊಸೆ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ‘ರಂಗಮ್ಮನ ವಠಾರ’ ಒಂದು ಸಾವಿನಿಂದ ಶುರುವಾಗುತ್ತದೆ. ಸತ್ತ ಮನೆಯವರ ದುಃಖದ ಜೊತೆಗೇ ಮನೆ ಖಾಲಿಯಾಗುವ, ಬಾಡಿಗೆ ನಿಲ್ಲುವ ಲೆಕ್ಕವೂ ಓಡತೊಡಗುತ್ತದೆ. ಮೊದಲ ಪುಟಗಳು ಮುಗಿಯುವಷ್ಟರಲ್ಲಿ ಮಾವ, ಇದರಲ್ಲಿ ಗದ್ದೆಯೇ ಇಲ್ಲವಲ್ಲ ಎಂದು ಎದ್ದು ಮಲಗಲು ಹೋದ. ಅತ್ತೆ ಮಾತ್ರ ಫೋನು ನನ್ನ ಕೈಯಿಂದ ಇಸಿದುಕೊಂಡು, ಆ ರಂಗಮ್ಮ ಅಡ್ವಾನ್ಸ್ ಎಷ್ಟು ತಿಂಗಳದ್ದು ಕೇಳುತ್ತಿದ್ದಳು ಎಂದು ಮುಂದಿನ ಪುಟಗಳಲ್ಲಿ ಹುಡುಕತೊಡಗಿದಳು.